ಪಿಕಳಾರದ ಗೂಡಿಗೆ ಕಾಗೆ ದಾರಿ ಕಂಡುಕೊಂಡದ್ದು ಹೇಗೆ?

ಪ್ರಶ್ನೆ: ನಮ್ಮದು ಸಕಲೇಶಪುರದ ಹತ್ತಿರ ಸಣ್ಣ ಕಾಫಿ ತೋಟ. ಮನೆ ಮುಂದಿನ ದಾಸವಾಳದ ಗಿಡದಲ್ಲಿ ಪಿಕಳಾರ ಗೂಡು ಕಟ್ಟಿ ಮೂರು ಮರಿ ಮಾಡಿತ್ತು. ಮಗಳು ಸ್ಕೂಲಿಂದ ಬಂದ ಕೂಡಲೇ ಸ್ಟೂಲ್ ಹಾಕಿಕೊಂಡು ನೋಡುತ್ತಿದ್ದಳು, ಫೋಟೋ ತೆಗೆಯುತ್ತಿದ್ದಳು. ಮರಿಗಳಿಗೆ ಹತ್ತು ದಿನ ಆಗಿರಬೇಕು, ಒಂದು ದೊಡ್ಡ ಕರಿ ಕಾಗೆ ಬಂದು ಎರಡನ್ನು ಹೊತ್ತುಕೊಂಡು ಹೋಯಿತು. ಕೆಳಗೆ ಬಿದ್ದ ಇನ್ನೊಂದನ್ನು ಅಂಗಳದಲ್ಲೇ ಕುಕ್ಕಿ ಕೊಂದಿತು. ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಯೂಟ್ಯೂಬಿನಲ್ಲಿ ರೇವನ್ ಅನ್ನುವ ಕಾಗೆ ಪಾರಿವಾಳವನ್ನೇ ಕೊಲ್ಲುವ ವಿಡಿಯೋ ಇದೆ. ಇಲ್ಲಿಗೆ ಬಂದದ್ದು ಅದೇನಾ? ಕಾಗೆ ಅಂದರೆ ಎಂಜಲು ತಿನ್ನುವ ಹಕ್ಕಿ ಅಂದುಕೊಂಡಿದ್ದೆವು. ಇದು ಬೇಟೆ ಆಡುತ್ತದಾ? ಪಕ್ಕದ ತೋಟದವರು ಎರಡು ಹೊಡೆದು ನೇತುಹಾಕಿ, ಬುದ್ಧಿ ಬರುತ್ತದೆ ಅಂತಾರೆ. ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಪಿಕಳಾರದ ಮರಿ ಹುಟ್ಟಿದ ಹನ್ನೆರಡನೇ ದಿನದ ಹೊತ್ತಿಗೆ ಗೂಡು ಬಿಡುತ್ತದೆ. ಇನ್ನೆರಡು ದಿನ ಕಳೆದಿದ್ದರೆ ಆ ಮೂರೂ ಗೂಡು ಬಿಟ್ಟು ಹೊರಡುತ್ತಿದ್ದವು. ಹಾಗಾಗಿ ನಿಮ್ಮ ಮಗಳ ಸಂಕಟ ಸಣ್ಣದಲ್ಲ. ನನಗೂ ಇದೇ ಆಗಿದೆ, ಅದನ್ನು ಮುಂದೆ ಹೇಳುತ್ತೇನೆ. ಮೊದಲು ರೇವನ್ ವಿಷಯ ನೋಡೋಣ.

ಬಂದದ್ದು ರೇವನ್ ಅಲ್ಲ. ರೇವನ್ ನಮ್ಮ ದೇಶದಲ್ಲಿ ಇದೆ. ಆದರೆ ಇರುವುದು ರಾಜಸ್ಥಾನ, ಪಂಜಾಬ್, ಕಛ್ ಕಡೆಯ ಒಣನೆಲದಲ್ಲಿ, ಮತ್ತೆ ಹಿಮಾಲಯದ ಎತ್ತರದಲ್ಲಿ. ಹಾಸನ, ಚಿಕ್ಕಮಗಳೂರು ಹಾಗಿರಲಿ, ದಕ್ಷಿಣ ಭಾರತದಲ್ಲೇ ಅದರ ವಾಸ ಇಲ್ಲ. ರೇವನ್ ಸಾಮಾನ್ಯವಾಗಿ ಒಂದು ಕಿಲೋಗಿಂತ ಜಾಸ್ತಿ ತೂಗುತ್ತದೆ. ನಮ್ಮ ಹದ್ದಿನಷ್ಟು ದೊಡ್ಡದು. ಹಾರುವಾಗ ಬಾಲ ಬೆಣೆಯ ಹಾಗೆ ನಡುವೆ ಚೂಪಾಗಿ ಕಾಣುತ್ತದೆ. ಕೂಗು ‘ಕಾ ಕಾ’ ಅಲ್ಲ, ಗಂಟಲಿನ ಆಳದಿಂದ ಬರುವ ‘ಕ್ರಾಂಕ್’.

ನಿಮ್ಮ ಅಂಗಳಕ್ಕೆ ಬಂದದ್ದು ಕಾಡುಕಾಗೆ. ಪೂರ್ತಿ ಕರಿ, ದಪ್ಪ ಕೊಕ್ಕು, ಉಬ್ಬಿದ ಹಣೆ. ಮೊಬೈಲಿನಲ್ಲಿ ರೇವನ್ ನೋಡಿದವರು ಇದನ್ನು ನೋಡಿ ಅದೇ ಅಂದುಕೊಳ್ಳುವುದು ಸಹಜ. ಸಕಲೇಶಪುರದ ಬಸ್ ಸ್ಟ್ಯಾಂಡಿನಲ್ಲಿ ಇಡ್ಲಿ ಚೂರಿಗೆ ಜಗಳ ಆಡುವ, ಕತ್ತು ಬೂದಿ ಬಣ್ಣದ ಕಾಗೆ ಬೇರೆ. ಅದು ಊರುಕಾಗೆ. ತೂಕ ಸುಮಾರು 300 ಗ್ರಾಂ. ಕಾಡುಕಾಗೆ ಅದಕ್ಕಿಂತ ದೊಡ್ಡದು, ಗಟ್ಟಿ. ಪಿಕಳಾರ ಎಷ್ಟು ತೂಗುತ್ತದೆ ಗೊತ್ತಾ? ಮೂವತ್ತು ಗ್ರಾಂ ಆಸುಪಾಸು. ಅಪ್ಪ ಅಮ್ಮ ಎರಡೂ ಸೇರಿ ಕಿರುಚಿದರೂ, ಮೇಲೆ ಬಿದ್ದರೂ ಕಾಗೆ ಕದಲುವುದಿಲ್ಲ.

ಹಾಗಂತ ನೀವು ನೋಡಿದ ವಿಡಿಯೋ ನಮಗೆ ಸಂಬಂಧವೇ ಇಲ್ಲದ್ದು ಅಂತಲ್ಲ. ರೇವನ್ ಮತ್ತು ನಮ್ಮ ಕಾಗೆಗಳು ಒಂದೇ ಕುಲ. ರೇವನ್ ದೊಡ್ಡದಾಗಿ ಮಾಡುವುದನ್ನೇ ನಮ್ಮವು ಸಣ್ಣದಾಗಿ ಮಾಡುತ್ತವೆ. ಉತ್ತರ ಧ್ರುವದ ಕಡೆ ಕಡಲ ಹಕ್ಕಿಗಳು ಬಂಡೆಗಳ ಮೇಲೆ ಸಾವಿರಗಟ್ಟಲೆ ಗೂಡು ಮಾಡುತ್ತವೆ. ಅಲ್ಲಿ ರೇವನ್ ಜೋಡಿ ಒಟ್ಟಿಗೆ ಹೋಗುತ್ತದೆ. ಒಂದು ತಾಯಿಹಕ್ಕಿಯ ಮುಂದೆ ನಿಂತು ಕೆಣಕುತ್ತದೆ, ಅದು ಎದ್ದು ಬೆನ್ನಟ್ಟುವಷ್ಟರಲ್ಲಿ ಇನ್ನೊಂದು ಮೊಟ್ಟೆ ಎತ್ತುತ್ತದೆ. ಎತ್ತಿದ್ದನ್ನೆಲ್ಲ ಅಲ್ಲೇ ತಿನ್ನುವುದೂ ಇಲ್ಲ. ಬೇಕಾದಷ್ಟು ತಿಂದು ಉಳಿದದ್ದನ್ನು ಪಾಚಿಯ ಅಡಿಯಲ್ಲಿ ಬಚ್ಚಿಟ್ಟು, ಮೊಟ್ಟೆ ಸಿಗದ ಕಾಲಕ್ಕೆ ತೆಗೆಯುತ್ತದೆ. ನಮ್ಮ ಕಾಡುಕಾಗೆ ರೊಟ್ಟಿ ಚೂರನ್ನು ಹಂಚಿನ ಸಂದಿಗೆ ಸಿಕ್ಕಿಸಿ ಹೋಗುವುದನ್ನು ನೀವೂ ನೋಡಿರಬಹುದು. ಅದೂ ಇದೇ ಬುದ್ಧಿ.

ಈಗ ನಿಮ್ಮ ಎರಡನೇ ಪ್ರಶ್ನೆ. ಕಾಗೆ ಬೇಟೆಗಾರ ಹಕ್ಕಿಯಾ? ನನ್ನ ಉತ್ತರ: ಹೌದು, ಆದರೆ ಗಿಡುಗದ ಹಾಗೆ ಅಲ್ಲ. ಈ ವ್ಯತ್ಯಾಸ ತಿಳಿದರೆ ಅಂಗಳದಲ್ಲಿ ನೀವು ಕಂಡದ್ದು ಯಾಕೆ ಅಷ್ಟು ಕ್ರೂರವಾಗಿ ಕಂಡಿತು ಅನ್ನುವುದೂ ತಿಳಿಯುತ್ತದೆ.

ಗಿಡುಗಕ್ಕೆ ಕೊಲ್ಲುವ ಆಯುಧ ಇರುವುದು ಕಾಲಿನಲ್ಲಿ. ಬಂದು ಉಗುರಲ್ಲಿ ಹಿಡಿದು ಹಿಚುಕಿದರೆ ಸಣ್ಣ ಹಕ್ಕಿಯ ಪ್ರಾಣ ಬೇಗ ಹೋಗುತ್ತದೆ. ಕಾಗೆಯ ಕಾಲು ಹಾಗಿಲ್ಲ. ಅದು ಕೊಂಬೆ ಮೇಲೆ ಕೂರುವ, ನೆಲದಲ್ಲಿ ನಡೆಯುವ ಕಾಲು. ಆಶ್ಚರ್ಯ ಅನ್ನಿಸಬಹುದು, ಹಕ್ಕಿಗಳ ವಿಂಗಡಣೆಯಲ್ಲಿ ಕಾಗೆ ಇರುವುದು ಪಿಕಳಾರ, ಗುಬ್ಬಿ, ಮಡಿವಾಳ ಇರುವ ಗಣದಲ್ಲೇ, ಹಾಡುಹಕ್ಕಿಗಳ ಗಣದಲ್ಲಿ. ಕೊಲ್ಲಲು ಅದಕ್ಕೆ ಇರುವುದು ಕೊಕ್ಕು ಒಂದೇ. ಕಾಲಲ್ಲಿ ಒತ್ತಿ ಹಿಡಿದು ತಲೆಗೆ, ಕಣ್ಣಿಗೆ, ಹೊಟ್ಟೆಗೆ ಕುಕ್ಕಬೇಕು. ಹಾಗಾಗಿ ಸಾಯಲು ಹೊತ್ತು ಹಿಡಿಯುತ್ತದೆ. ಅದು ಹಿಂಸೆಯಲ್ಲಿ ಖುಷಿಪಡುತ್ತಿಲ್ಲ, ಅದಕ್ಕೆ ಇನ್ನೊಂದು ದಾರಿ ಇಲ್ಲ.

ಹಾಸನ ಪೇಟೆಯಲ್ಲಿ ಒಂದು ಬೆಳಿಗ್ಗೆ ಇದನ್ನು ತೀರಾ ಹತ್ತಿರದಿಂದ ನೋಡಿದೆ. ಒಂದು ಪಾರಿವಾಳ ಕರೆಂಟ್ ತಂತಿಗೆ ಬಡಿದು ರಸ್ತೆ ಪಕ್ಕ ಬಿದ್ದಿತ್ತು. ಎಡಗಡೆ ರೆಕ್ಕೆ ಜೋತುಬಿದ್ದಿತ್ತು. ಅರೆ ನಿಮಿಷದಲ್ಲಿ ಮೂರು ಊರುಕಾಗೆ ಬಂದವು. ತಕ್ಷಣ ಮೇಲೆ ಬೀಳಲಿಲ್ಲ. ಒಂದು ಹಿಂದಿನಿಂದ ನಡೆದುಹೋಗಿ ಬಾಲದ ಗರಿ ಎಳೆಯಿತು, ಎಳೆದು ಹಾರಿ ಹಿಂದೆ ಸರಿಯಿತು. ಪಾರಿವಾಳಕ್ಕೆ ತಿರುಗಿ ಹೊಡೆಯುವ ಶಕ್ತಿ ಇದೆಯಾ ಅಂತ ಪರೀಕ್ಷೆ ಅದು. ಪಾರಿವಾಳ ಅತ್ತ ತಿರುಗಿದಾಗ ಎದುರಿಗಿದ್ದ ಕಾಗೆ ತಲೆಗೆ ಒಂದು ಏಟು ಕೊಟ್ಟಿತು. ಮತ್ತೆ ಬಾಲ, ಮತ್ತೆ ತಲೆ. ನಾನು ರಸ್ತೆ ದಾಟಿ ಅಲ್ಲಿಗೆ ಹೋಗುವಷ್ಟರಲ್ಲಿ ಅದರ ಕುತ್ತಿಗೆ ಬಿದ್ದಿತ್ತು. ಪೆಟ್ಟಾಗದ ಪಾರಿವಾಳ ಅಲ್ಲೇ ಎರಡು ಅಡಿ ದೂರದಲ್ಲಿ ಕಾಳು ಹೆಕ್ಕುತ್ತಿತ್ತು. ಅದರ ಕಡೆ ಒಂದು ಕಾಗೆಯೂ ತಿರುಗಿ ನೋಡಲಿಲ್ಲ.

ಕಾಗೆಯ ಬೇಟೆಯ ಗುಟ್ಟು ಇದೇ. ಗಟ್ಟಿ ಇರುವುದನ್ನು ಬೆನ್ನಟ್ಟಿ ಹಿಡಿಯುವುದು ಅದಕ್ಕೆ ಅಪರೂಪ. ಓಡಲಾಗದ್ದನ್ನು ಹುಡುಕುತ್ತದೆ. ಗಾಯ ಆದದ್ದು, ಚಳಿಗೆ ಮಂಕಾದದ್ದು, ಮೊಟ್ಟೆ, ಗೂಡಿನಲ್ಲಿರುವ ಮರಿ. ಎಲ್ಲಕ್ಕಿಂತ ಜಾಸ್ತಿ ಮೊಟ್ಟೆ ಮತ್ತು ಮರಿ.

ಅದನ್ನು ಹುಡುಕುವುದು ಹೇಗೆ? ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ವಿಷಯ ಇದು.

ಚಿಕ್ಕ ವಯಸ್ಸಿನಲ್ಲಿ ಮೂಡಿಗೆರೆ ಕಡೆ ನೆಂಟರ ತೋಟದಲ್ಲಿ ಒಂದು ಬೇಸಿಗೆ ಕಳೆದಿದ್ದೆ. ಅವರ ಜಗಲಿಯಲ್ಲಿ ನೇತುಹಾಕಿದ್ದ ಫರ್ನ್ ಕುಂಡದಲ್ಲಿ ಕೆಮ್ಮೀಸೆ ಪಿಕಳಾರ ಗೂಡು ಕಟ್ಟಿತ್ತು. ನನಗೆ ಹಕ್ಕಿ ಹುಚ್ಚು ಹತ್ತಿದ್ದ ಹೊಸದು. ದಿನಾ ಸಂಜೆ ನಾಲ್ಕು ಗಂಟೆಗೆ ಕುರ್ಚಿ ಎಳೆದುಕೊಂಡು ಹತ್ತಿ, ಸ್ಕೇಲ್ ಹಿಡಿದು ಮರಿಯ ರೆಕ್ಕೆ ಅಳೆದು ನೋಟ್ ಪುಸ್ತಕದಲ್ಲಿ ಬರೆಯುತ್ತಿದ್ದೆ. ಎಂಟನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಕುಂಡ ಓರೆಯಾಗಿತ್ತು, ಗೂಡಿನ ನಾರು ನೇತಾಡುತ್ತಿತ್ತು, ಮರಿ ಇರಲಿಲ್ಲ. ಜಗಲಿ ಕಟ್ಟೆಯ ಮೇಲೆ ಒಂದು ಸಣ್ಣ ರಕ್ತದ ಗುರುತು. ಎಷ್ಟೋ ದಿನದ ನಂತರ ಆ ಪುಸ್ತಕ ತಿರುವಿ ನೋಡಿದೆ. ಪ್ರತಿ ಪುಟದ ಕೆಳಗೆ ‘ಸುತ್ತ ಕಂಡ ಹಕ್ಕಿಗಳು’ ಅಂತ ಒಂದು ಸಾಲು ಇತ್ತು. ಅದರಲ್ಲಿ ನಾನೇ ಬರೆದಿದ್ದೆ: ‘ಹಾಲುವಾಣದ ಮೇಲೆ ಕಾಡುಕಾಗೆ 1’. ಮೂರನೇ ದಿನ ಬರೆದಿದ್ದೆ. ನಾಲ್ಕನೇ ದಿನ. ಐದನೇ ದಿನ. ಅದೇ ಮರ, ಅದೇ ನಾಲ್ಕು ಗಂಟೆ.

ನಾನು ಮರಿ ನೋಡುತ್ತಿದ್ದೆ. ಕಾಗೆ ನನ್ನನ್ನು ನೋಡುತ್ತಿತ್ತು.

ಕಾಗೆ ಗೂಡನ್ನು ಪೊದೆಪೊದೆಯಲ್ಲಿ ತಡಕಿ ಹುಡುಕುವುದು ಕಡಿಮೆ. ಎತ್ತರದಲ್ಲಿ ಕೂತು ಬೇರೆಯವರ ಓಡಾಟ ಗಮನಿಸುತ್ತದೆ. ಕೊಕ್ಕಿನಲ್ಲಿ ಹುಳ ಹಿಡಿದ ಪಿಕಳಾರ ಒಂದೇ ಗಿಡಕ್ಕೆ ಪದೇ ಪದೇ ಇಳಿಯುತ್ತಿದೆ ಅಂದರೆ ಅಲ್ಲಿ ಏನೋ ಇದೆ. ಮನುಷ್ಯ ಒಂದೇ ಗಿಡದ ಮುಂದೆ ದಿನಾ ನಿಂತು ಬಗ್ಗಿ ನೋಡುತ್ತಿದ್ದಾನೆ ಅಂದರೂ ಅಲ್ಲಿ ಏನೋ ಇದೆ. ನಾವು ಹತ್ತಿರ ಹೋದಾಗ ತಾಯಿಹಕ್ಕಿ ಗಾಬರಿಯಾಗಿ ಕಿರುಚುತ್ತದಲ್ಲ, ಅದು ಕಾಗೆಗೆ ಮೂರನೇ ಸುಳಿವು. ಮನುಷ್ಯನ ಜೊತೆ ಶತಮಾನಗಟ್ಟಲೆ ಬಾಳಿದ ಹಕ್ಕಿ ಅದು. ನಮ್ಮ ಕೈ, ನಮ್ಮ ಕಣ್ಣು ಎತ್ತ ತಿರುಗಿದೆ ಅಂತ ಓದುವುದೇ ಅದರ ಹೊಟ್ಟೆಪಾಡು.

ಇದನ್ನು ಮಗಳಿಗೆ ಹೇಳುವಾಗ ದಯವಿಟ್ಟು ಮೆಲ್ಲಗೆ ಹೇಳಿ. ತಪ್ಪು ಅವಳದ್ದೇ ಅಂತ ಖಂಡಿತ ಅಲ್ಲ. ಹತ್ತು ದಿನದ ಮೂರು ಮರಿ ಹಸಿವಿಗೆ ಚೀರುವ ಸದ್ದೇ ಒಂದು ಕಾಗೆಗೆ ಸಾಕು. ಮರಿ ದೊಡ್ಡದಾದಷ್ಟೂ ಸದ್ದು ಜಾಸ್ತಿ, ಅಪ್ಪ ಅಮ್ಮನ ಓಡಾಟ ಜಾಸ್ತಿ. ಅದರ ಜೊತೆ ಆ ಹೊತ್ತಿಗೆ ಕಾಗೆಯ ಗೂಡಿನಲ್ಲೂ ಮರಿ ಇರಬಹುದು. ಬೇರೆ ದಿನ ಅನ್ನ, ಹಣ್ಣು, ಎಂಜಲು ತಿಂದು ಬದುಕುವ ಕಾಗೆಗೆ ಮರಿ ಸಾಕುವಾಗ ಮಾಂಸ ಬೇಕೇ ಬೇಕು. ಇದೇ ಕಾಲದಲ್ಲಿ ಕಾಗೆ ಬಂದು ತಲೆಗೆ ಹೊಡೆದರೆ ಅಪಶಕುನ ಅಂತ ನಮ್ಮಲ್ಲಿ ಹೆದರುತ್ತಾರಲ್ಲ, ಅದಕ್ಕಿರುವ ಅರ್ಥ ಇಷ್ಟೇ: ಹತ್ತಿರದಲ್ಲಿ ಅದರ ಗೂಡಿದೆ, ದೂರ ಹೋಗು. ಪಿಕಳಾರದ ಎದೆಯಲ್ಲಿರುವ ಗಾಬರಿಯೇ ಕಾಗೆಯ ಎದೆಯಲ್ಲೂ ಇದೆ. ಕಾಗೆಯ ಗೂಡಿಗೂ ಕನ್ನ ಬೀಳುತ್ತದೆ. ಕೋಗಿಲೆ ಮೊಟ್ಟೆ ಇಟ್ಟು ಹೋಗುವುದು ಅಲ್ಲೇ ಅಲ್ವಾ.

ಒಂದು ಲೆಕ್ಕವನ್ನೂ ನೋಡಿ. ಪಿಕಳಾರದ ಜೋಡಿ ಒಂದು ಸಲಕ್ಕೆ ಎರಡು ಮೂರು ಮೊಟ್ಟೆ ಇಡುತ್ತದೆ. ವರ್ಷಕ್ಕೆ ಎರಡು ಸಲ ಅಂದರೂ ಐದಾರು ಮೊಟ್ಟೆ. ಆ ಜೋಡಿ ನಾಲ್ಕು ವರ್ಷ ಬದುಕಿದರೆ ಇಪ್ಪತ್ತಕ್ಕೂ ಜಾಸ್ತಿ. ಅವೆಲ್ಲ ಉಳಿದಿದ್ದರೆ ನಿಮ್ಮ ತೋಟದಲ್ಲಿ ಕಾಫಿ ಎಲೆಗಿಂತ ಪಿಕಳಾರ ಹೆಚ್ಚಾಗಿರುತ್ತಿತ್ತು. ಸಂತತಿ ಇದ್ದಷ್ಟೇ ಇರಬೇಕಾದರೆ ಇಪ್ಪತ್ತರಲ್ಲಿ ಎರಡು ದೊಡ್ಡದಾದರೆ ಸಾಕು. ನಮ್ಮಂಥ ಬಿಸಿನಾಡಿನಲ್ಲಿ ಬಟ್ಟಲಿನಂಥ ತೆರೆದ ಗೂಡು ಕಟ್ಟುವ ಸಣ್ಣ ಹಕ್ಕಿಗಳ ಗೂಡುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮರಿ ಹಾರುವ ಮೊದಲೇ ಹಾಳಾಗುವುದು ಮಾಮೂಲು. ಪಿಕಳಾರ ಅದಕ್ಕೆ ತಯಾರಾಗಿಯೇ ಇದೆ. ಗೂಡು ಹೋದರೆ ಹೆಚ್ಚು ದಿನ ಕಾಯುವುದಿಲ್ಲ, ಇನ್ನೊಂದು ಕಡೆ ಕಟ್ಟಲು ಶುರು ಮಾಡುತ್ತದೆ.

ಕಳ್ಳರು ಕಾಗೆ ಒಂದೇ ಅಲ್ಲ ಅನ್ನುವುದನ್ನೂ ಹೇಳಬೇಕು. ಮಲೆನಾಡಿನ ತೋಟದಲ್ಲಿ ಕೆಂಬೂತ ಮೊಟ್ಟೆ, ಮರಿ ತಿನ್ನುತ್ತದೆ. ಉದ್ದ ಬಾಲದ ಮಟಪಕ್ಷಿ ತಿನ್ನುತ್ತದೆ, ಅದೂ ಕಾಗೆಯ ನೆಂಟನೇ. ಮಂಗ, ಕೇರೆಹಾವು, ಹಸಿರುಹಾವು ಎಲ್ಲ ಇದೇ ಸಾಲಿನಲ್ಲಿ ಬರುತ್ತವೆ. ಮನೆಯ ಬೆಕ್ಕನ್ನಂತೂ ಮರೆಯಲೇಬಾರದು. ಗೂಡು ಅಲುಗಾಡದೆ ಹಾಗೇ ಇದ್ದು ಮರಿ ಮಾತ್ರ ಮಾಯ ಆಗಿದ್ದರೆ ಹೆಚ್ಚಾಗಿ ಹಾವು. ಗೂಡು ಓರೆಯಾಗಿ ನಾರು ಎಳೆದಿದ್ದರೆ ಕಾಗೆ ಇರಬಹುದು. ಗಿಡದ ಕೊಂಬೆಯೇ ಬಗ್ಗಿ, ಗರಿ ಚೆಲ್ಲಾಡಿದ್ದರೆ ಬೆಕ್ಕಿನ ಮೇಲೆ ಅನುಮಾನ ಪಡಬೇಕು. ಕಣ್ಣಿಗೆ ಬೀಳುವುದು ಹಗಲಲ್ಲಿ, ಕರಿ ಬಣ್ಣದಲ್ಲಿ, ಸದ್ದು ಮಾಡಿಕೊಂಡು ಬರುವ ಕಾಗೆ ಮಾತ್ರ. ಹಾಗಾಗಿ ಎಲ್ಲ ಕೊಲೆಯ ಲೆಕ್ಕ ಅದರ ತಲೆಗೇ ಬರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಕಾಗೆ ತಿಂದರೆ ತಿನ್ನಲಿ ಬಿಡಿ ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಹಾಗೆ ಬಿಡಲು ನನಗೆ ಮನಸ್ಸಿಲ್ಲ. ಒಂದು ಕಾಗೆ ಒಂದು ಗೂಡು ಕದಿಯುವುದು ಕಾಡಿನ ಲೆಕ್ಕದೊಳಗೆ ಬರುತ್ತದೆ. ಹತ್ತು ಕಾಗೆ ಇರಬೇಕಾದ ಕಡೆ ನಲವತ್ತು ಇದ್ದರೆ ಲೆಕ್ಕ ತಪ್ಪುತ್ತದೆ. ಆ ಮೂವತ್ತನ್ನು ಸಾಕುವವರು ನಾವು.

ರೇವನ್ ಕಥೆಯೇ ಇದಕ್ಕೆ ಒಳ್ಳೆ ಉದಾಹರಣೆ. ಅಮೆರಿಕದ ಪಶ್ಚಿಮದ ಮರುಭೂಮಿಯಲ್ಲಿ ಮೊದಲು ರೇವನ್ ಅಷ್ಟಕ್ಕಷ್ಟೆ ಇತ್ತು. ನೀರಿಲ್ಲ, ಊಟವಿಲ್ಲ, ಗೂಡು ಕಟ್ಟಲು ಎತ್ತರದ ಮರ ಇಲ್ಲ. ಆಮೇಲೆ ಊರುಗಳು ಬಂದವು, ಕಸದ ಗುಡ್ಡೆ ಬಂತು, ಹೊಲಕ್ಕೆ ನೀರು ಬಂತು, ಸಾಲುಸಾಲು ಕರೆಂಟ್ ಕಂಬ ಬಂತು. ರಸ್ತೆಯಲ್ಲಿ ಗಾಡಿಗೆ ಸಿಕ್ಕಿ ಸತ್ತ ಪ್ರಾಣಿಗಳು ದಿನಾ ಸಿಕ್ಕವು. ಕೆಲವೇ ದಶಕಗಳಲ್ಲಿ ರೇವನ್ ಹಲವು ಪಟ್ಟು ಹೆಚ್ಚಿತು. ಈಗ ಅಲ್ಲಿ ನೆಲದ ಮೇಲೆ ಮೊಟ್ಟೆ ಇಡುವ ಸೇಜ್ ಗ್ರೌಸ್ ಅನ್ನುವ ಕೋಳಿಜಾತಿಯ ಹಕ್ಕಿಗೂ, ಮರುಭೂಮಿಯ ಆಮೆಮರಿಗೂ ಅದೂ ಒಂದು ದೊಡ್ಡ ಗಂಡಾಂತರ. ಕಸ ತಿಂದು ಹೊಟ್ಟೆ ತುಂಬಿದರೂ ಮೊಟ್ಟೆ ಕಂಡಾಗ ಅದು ಬಿಡುವುದಿಲ್ಲ. ಮುಖ್ಯ ವಿಷಯ ಇದು. ಸಾಧಾರಣ ಬೇಟೆಗಾರ ಪ್ರಾಣಿ ಬೇಟೆ ಕಡಿಮೆ ಆದರೆ ತಾನೂ ಕಡಿಮೆ ಆಗುತ್ತದೆ. ಕಾಗೆಜಾತಿ ಹಾಗಲ್ಲ. ಬೇಟೆ ಮುಗಿದರೂ ಕಸ ಇದೆ.

ನಮ್ಮ ಊರುಕಾಗೆಯೂ ಇದೇ ದಾರಿ ತುಳಿದಿದೆ. 1890ರ ದಶಕದಲ್ಲಿ ಕಸ ತಿನ್ನಲಿ ಅಂತ ಅದನ್ನು ಜಾಂಜಿಬಾರ್ ದ್ವೀಪಕ್ಕೆ ಒಯ್ದು ಬಿಟ್ಟರು. ಅಲ್ಲಿಂದ ಪೂರ್ವ ಆಫ್ರಿಕಾದ ಕರಾವಳಿಗೆಲ್ಲ ಹಬ್ಬಿತು. ಅಲ್ಲಿನ ಸಣ್ಣ ಹಕ್ಕಿಗಳ ಗೂಡುಗಳನ್ನು ಖಾಲಿ ಮಾಡಿತು. 2024ರಲ್ಲಿ ಕೀನ್ಯಾ ಸರ್ಕಾರ ಹತ್ತು ಲಕ್ಷ ಊರುಕಾಗೆಗಳನ್ನು ಕೊಲ್ಲುವ ಯೋಜನೆ ಹಾಕಿತು. ನಮ್ಮಲ್ಲಿ ತಿಥಿಯ ದಿನ ಬಂದು ಎಡೆ ಮುಟ್ಟಲಿಲ್ಲ ಅಂದರೆ ಮನೆಮಂದಿಯೆಲ್ಲ ಕಂಗಾಲಾಗಿ ಕಾಯುವ ಹಕ್ಕಿಯೇ ಅದು. ನೆನೆದರೆ ಮನಸ್ಸಿಗೆ ಕಷ್ಟ ಆಗುತ್ತದೆ.

ಈಗ ನಿಮ್ಮ ಸುತ್ತ ನೋಡಿ. ನಾನು ಮೊದಲು ಸಕಲೇಶಪುರ, ಮೂಡಿಗೆರೆ ಕಡೆ ತಿರುಗುತ್ತಿದ್ದಾಗ ಊರುಕಾಗೆ ಪೇಟೆಯಲ್ಲಿ ಕಾಣುತ್ತಿತ್ತು, ತೋಟದ ಒಳಗೆ ಕಾಡುಕಾಗೆ ಒಂದು ಜೋಡಿ ಇದ್ದರೆ ಹೆಚ್ಚು. ಈಗ ರಸ್ತೆ ಹೋದಲ್ಲೆಲ್ಲ ಊರುಕಾಗೆ ಹೋಗಿದೆ. ಘಾಟಿಯ ತಿರುವಿನಲ್ಲಿ ಗಾಡಿ ನಿಲ್ಲಿಸಿ ಚಿಪ್ಸ್ ತಿನ್ನುವವರ ಪಕ್ಕ ಕಾಡುಕಾಗೆ ನಡೆದಾಡುತ್ತದೆ. ಹೋಂಸ್ಟೇ ಹಿಂದಿನ ಗುಂಡಿಯಲ್ಲಿ ಕೋಳಿ ಕರುಳು, ಬಿರಿಯಾನಿ ಉಳಿಕೆ. ಆಳುಗಳ ಲೈನ್ ಮನೆ ಪಕ್ಕ ಮೀನು ತೊಳೆದ ನೀರು. ನಾಯಿ ತಟ್ಟೆಯಲ್ಲಿ ಉಳಿದ ಅನ್ನ. ಇದನ್ನು ತಿಂದು ಕೂತ ಕಾಗೆಗೆ ಇಡೀ ದಿನ ಬಿಡುವು. ಆ ಬಿಡುವಿನಲ್ಲಿ ಅದು ಹಾಲುವಾಣದ ತುದಿಯಲ್ಲಿ ಕೂತು ನಿಮ್ಮ ದಾಸವಾಳ ನೋಡುತ್ತದೆ.

ಚಿಕ್ಕಮಗಳೂರು ಜಿಲ್ಲೆಯ ಲಕ್ಕವಳ್ಳಿ ಹತ್ತಿರ ಭದ್ರಾ ಹಿನ್ನೀರಿನಲ್ಲಿ ಬೇಸಿಗೆಗೆ ನೀರು ಇಳಿದಾಗ ಸಣ್ಣ ನಡುಗಡ್ಡೆಗಳು ಎದ್ದು ಕಾಣುತ್ತವೆ. ಅಲ್ಲಿ ರಿವರ್ ಟರ್ನ್, ಕನ್ನಡದಲ್ಲಿ ರೀವ, ದೊಡ್ಡ ಗುಂಪಾಗಿ ಸೇರಿ ಬರೀ ನೆಲದ ಮೇಲೆ ಮೊಟ್ಟೆ ಇಡುತ್ತದೆ. ಗೂಡು ಅಂದರೆ ಕಲ್ಲುಮಣ್ಣಿನಲ್ಲಿ ಒಂದು ಸಣ್ಣ ತಗ್ಗು ಅಷ್ಟೇ. ಕಾಗೆಯೋ ಹದ್ದೋ ಹತ್ತಿರ ಬಂದರೆ ಗುಂಪಿಗೆ ಗುಂಪೇ ಎದ್ದು ಚೂಪು ಕೊಕ್ಕಿನಿಂದ ಅಟ್ಟಿಸಿಕೊಂಡು ಹೋಗುತ್ತವೆ. ಆ ಗದ್ದಲಕ್ಕೆ ಕಾಗೆ ನಿಲ್ಲುವುದಿಲ್ಲ. ಆದರೆ ಫೋಟೋ ಆಸೆಗೆ ದೋಣಿ ತೀರಾ ಹತ್ತಿರ ಹೋದರೆ ಎಲ್ಲ ಹಕ್ಕಿ ದೋಣಿ ಮೇಲೆ ಗಮನ ಇಟ್ಟು ಹಾರುತ್ತವೆ. ಕೆಳಗೆ ಬಿಸಿಲಿಗೆ, ಕಾಗೆಗೆ ಮೊಟ್ಟೆ ಬಿಟ್ಟಂತಾಗುತ್ತದೆ. ಸ್ಟೂಲ್ ಮೇಲೆ ನಿಂತ ಮಗು, ದೋಣಿಯಲ್ಲಿ ನಿಂತ ದೊಡ್ಡವರು, ಇಬ್ಬರದ್ದೂ ಪ್ರೀತಿಯೇ. ಕಾಗೆಗೆ ಸಹಾಯ ಆಗುವುದೂ ಅದೇ ಪ್ರೀತಿಯಿಂದ.

ಪಕ್ಕದ ತೋಟದವರ ಸಲಹೆಗೆ ನನ್ನ ಉತ್ತರ ಒಂದೇ: ಬೇಡ. 1972ರ ವನ್ಯಜೀವಿ ಕಾಯ್ದೆಯಲ್ಲಿ ಊರುಕಾಗೆ ಉಪದ್ರವಿಗಳ ಪಟ್ಟಿಯಲ್ಲಿತ್ತು, ಕೊಂದರೂ ಕೇಳುವವರು ಇರಲಿಲ್ಲ. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಿದರು. ಈಗ ಕಾಗೆ ಹೊಡೆಯುವುದು ಕಾನೂನಿಗೆ ವಿರುದ್ಧ. ಕಾನೂನು ಬಿಡಿ, ಅದು ಕೆಲಸಕ್ಕೂ ಬರುವುದಿಲ್ಲ. ಒಂದು ಜೋಡಿ ಹೋದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ, ಕಸದ ಗುಂಡಿ ಅಲ್ಲೇ ಇದೆಯಲ್ಲ. ಉಳಿದವು ನಿಮ್ಮ ಮುಖ ನೆನಪಿಟ್ಟುಕೊಳ್ಳುತ್ತವೆ. ಇದು ಅಜ್ಜಿ ಕಥೆ ಅಲ್ಲ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2006ರಲ್ಲಿ ಆದಿಮಾನವನ ಮುಖವಾಡ ಹಾಕಿಕೊಂಡು ಅಲ್ಲಿನ ಕಾಗೆಗಳನ್ನು ಹಿಡಿದು ಬಿಟ್ಟರು. ಆಮೇಲೆ ಆ ಮುಖವಾಡ ಹಾಕಿ ಯಾರು ನಡೆದರೂ ಕಾಗೆಗಳು ಸೇರಿ ಗದ್ದಲ ಎಬ್ಬಿಸಿದವು, ವರ್ಷಗಟ್ಟಲೆ. ಹಿಡಿಸಿಕೊಳ್ಳದ ಕಾಗೆಗಳೂ ಬೇರೆಯವನ್ನು ನೋಡಿ ಕಲಿತಿದ್ದವು. ಕರಿ ಬಟ್ಟೆಯನ್ನು ಸತ್ತ ಕಾಗೆಯ ಹಾಗೆ ನೇತುಹಾಕಿದರೆ ಕೆಲವು ದಿನ ಹೆದರುತ್ತವೆ, ಆಮೇಲೆ ಅದರ ಮೇಲೆಯೇ ಬಂದು ಕೂರುತ್ತವೆ. ನಿಮ್ಮ ತೋಟದ ಅತ್ತಿ, ಬಸರಿ, ನೇರಳೆಯ ಬೀಜ ಅಲ್ಲಿಂದಿಲ್ಲಿಗೆ ಹೊತ್ತು ಹಾಕುವವರಲ್ಲಿ ಕಾಡುಕಾಗೆಯೂ ಒಂದು ಅನ್ನುವುದು ನೆನಪಿರಲಿ.

ಮಾಡಬೇಕಾದ್ದು ಬೇರೆ ಇದೆ. ಎಲ್ಲಕ್ಕಿಂತ ಮೊದಲು ಕಸ. ಕೋಳಿ, ಮೀನಿನ ಉಳಿಕೆಯನ್ನು ಆಗಾಗಲೇ ಮಣ್ಣಲ್ಲಿ ಹೂಳಿ, ಒಂದು ಅಡಿಗಿಂತ ಆಳಕ್ಕೆ. ಗೊಬ್ಬರದ ಗುಂಡಿಗೆ ಅನ್ನ ಹಾಕಿದರೆ ಮೇಲೆ ಒಂದು ಪದರ ಸೊಪ್ಪು ಮಣ್ಣು ಹಾಕಿ. ನಾಯಿ ಉಂಡು ಬಿಟ್ಟ ತಟ್ಟೆ ಒಳಗಿಡಿ. ಇದನ್ನು ನೀವೊಬ್ಬರೇ ಮಾಡಿದರೆ ಸಾಲದು. ಪಕ್ಕದ ತೋಟದವರ ಜೊತೆ ಕೋವಿಯ ಬದಲು ಇದರ ಬಗ್ಗೆ ಮಾತಾಡಿ. ಹತ್ತಿರ ಹೋಂಸ್ಟೇ ಇದ್ದರೆ ಅವರ ಜೊತೆಗೂ.

ಇನ್ನು ಗಿಡ. ದಾಸವಾಳ ಚಂದ, ಆದರೆ ಒಳಗೆ ಖಾಲಿ. ಮೇಲಿನಿಂದ ನೋಡಿದರೆ ಗೂಡು ಕಾಣುತ್ತದೆ. ಬೇಲಿ ಸಾಲಿನಲ್ಲಿ ನಿಂಬೆ, ಕಾರೆಯಂಥ ಮುಳ್ಳಿನ ಗಿಡ ಒತ್ತಾಗಿ ಬೆಳೆಯಲು ಬಿಡಿ. ಕಾಗೆಯ ಮೈ ದೊಡ್ಡದು, ಮುಳ್ಳಿನ ಒಳಗೆ ನುಗ್ಗಲು ಅದಕ್ಕೆ ಕಷ್ಟ. ತೋಟದಲ್ಲಿ ಕಂಬಚಿಗುರು (ಕಾಫಿ ಗಿಡದ ಕಾಂಡದಲ್ಲಿ ಬರುವ ಬೇಡದ ಚಿಗುರು) ತೆಗೆಯುವಾಗ, ಮರಗಸಿ (ನೆರಳಿನ ಮರದ ಕೊಂಬೆ ಸವರುವುದು) ಮಾಡುವಾಗ ಗೂಡು ಕಂಡರೆ ಆ ಒಂದು ಗಿಡ, ಅದರ ಮೇಲಿನ ಒಂದು ಕೊಂಬೆ ನಾಲ್ಕು ವಾರ ಹಾಗೇ ಬಿಡಲು ಆಳುಗಳಿಗೆ ಹೇಳಿ. ಸೊಪ್ಪು ತೆಗೆದ ಗೂಡು ಕಾಗೆಗೆ ತಟ್ಟೆಯಲ್ಲಿ ಬಡಿಸಿದ ಹಾಗೆ. ಕಾಜಾಣ ಗೂಡು ಕಟ್ಟಿರುವ ಮರವನ್ನಂತೂ ಆ ಕಾಲದಲ್ಲಿ ಮುಟ್ಟಲೇಬೇಡಿ. ಆ ಸಣ್ಣ ಹಕ್ಕಿ ತನ್ನ ಗೂಡಿನ ಹತ್ತಿರ ಬಂದ ಕಾಗೆಯನ್ನು, ಹದ್ದನ್ನು ಬೆನ್ನ ಮೇಲೆ ಕುಕ್ಕಿ ಅಟ್ಟುತ್ತದೆ. ಬೆಳವ, ಪಿಕಳಾರದಂಥ ಹಕ್ಕಿಗಳು ಎಷ್ಟೋ ಸಲ ಕಾಜಾಣದ ಮರದಲ್ಲೇ ಗೂಡು ಕಟ್ಟಿ ಆ ರಕ್ಷಣೆ ಪಡೆಯುತ್ತವೆ.

ಗೂಡಿಗೆ ಬಲೆ ಹೊದಿಸಬೇಡಿ. ಹಾವು ಸಿಕ್ಕಿಬೀಳುತ್ತದೆ, ತಾಯಿಹಕ್ಕಿಯೂ ಸಿಕ್ಕಿಬೀಳಬಹುದು. ಮರಿ ಕೆಳಗೆ ಬಿದ್ದರೆ ಎತ್ತಿ ಗೂಡಿಗೆ ಇಡಬಹುದು. ಮನುಷ್ಯ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಅನ್ನುವುದು ಸುಳ್ಳು. ರೆಕ್ಕೆ ಬಲಿತು ತಾನೇ ಇಳಿದ ಮರಿಯಾದರೆ ಪಕ್ಕದ ಪೊದೆಯ ಒಳಗೆ ಬಿಟ್ಟು ದೂರ ಸರಿಯಿರಿ, ಬೆಕ್ಕನ್ನು ಒಳಗೆ ಕೂಡಿ.

ಕೊನೆಗೆ ಮಗಳ ವಿಷಯ. ಜೋರು ಮಳೆ ಹಿಡಿಯುವ ಮೊದಲು ಆ ಜೋಡಿ ಇನ್ನೊಂದು ಗೂಡು ಕಟ್ಟುವ ಸಾಧ್ಯತೆ ಜಾಸ್ತಿ. ಅವಳನ್ನು ನೋಡಬೇಡ ಅನ್ನಬೇಡಿ. ಸ್ಟೂಲ್ ಬದಲು ಅಡುಗೆಮನೆ ಕಿಟಕಿ ಕೊಡಿ,ಒಂದು ನೋಟ್ ಪುಸ್ತಕ ಕೊಡಿ. ಪಿಕಳಾರ ಕಾವಿಗೆ ಕೂತ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ. ಹನ್ನೆರಡು ದಿನ ಎಣಿಸಲಿ, ಆ ಹೊತ್ತಿಗೆ ಕೊಕ್ಕಿನಲ್ಲಿ ಹುಳ ಹಿಡಿದು ಬರುವುದು ಶುರುವಾಗುತ್ತದೆ. ಅಂದರೆ ಮರಿ ಆಗಿದೆ ಅಂತ, ಹತ್ತಿರ ಹೋಗದೆಯೇ ಗೊತ್ತಾಗುತ್ತದೆ. ಅಲ್ಲಿಂದ ಇನ್ನೊಂದು ಹನ್ನೆರಡು ದಿನ. ಗಂಟೆಗೆ ಎಷ್ಟು ಸಲ ಬಂತು, ಯಾವ ಕಡೆಯಿಂದ ಬಂತು, ಗೂಡಿಗೆ ಹೋಗುವ ಮೊದಲು ಯಾವ ಕೊಂಬೆಯಲ್ಲಿ ಕೂತು ಸುತ್ತ ನೋಡಿತು, ಬರೆಯಲಿ. ಪುಟದ ಕೆಳಗೆ ಕಾಗೆಗೂ ಒಂದು ಸಾಲು ಇರಲಿ. ಅದು ಯಾವ ಮರದಲ್ಲಿ, ಎಷ್ಟು ಗಂಟೆಗೆ ಕೂತಿತ್ತು ಅಂತ. ಒಂದೇ ಮರದಲ್ಲಿ ಮೂರು ದಿನ ಕಂಡರೆ ಆ ಹೊತ್ತಿಗೆ ನೀವು ಯಾರಾದರೂ ಆ ಮರದ ಕೆಳಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬನ್ನಿ. ಗೂಡಿನ ಕಡೆ ಮಾತ್ರ ತಿರುಗಿ ನೋಡಬೇಡಿ.